ಕಾಡು, ಹೊಲ ಮತ್ತು ಗಡಿರೇಖೆ: ಚಾಮರಾಜನಗರ-ಗುಂಡ್ಲುಪೇಟೆ ಪ್ರಾಂತದ ಜೀವವೈವಿಧ್ಯ ವ್ಯಾಸಂಗದ ಇತಿಹಾಸ

ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಊರು, ದೇವಾಲಯಗಳಿಂದ ಆರಂಭಿಸುವರು. ಅರಿಕುಠಾರವೆಂಬ ಊರು 1818ರಲ್ಲಿ ಚಾಮರಾಜನಗರವಾದುದು, ಚಿಕ್ಕದೇವರಾಜ ಒಡೆಯರು ತಂದೆಯ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದುದು, ಇವು ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿಗಳು. ಈ ಊರುಗಳ ಸುತ್ತಲಿನ ನೆಲಕ್ಕೂ ಒಂದು ಇತಿಹಾಸವುಂಟು. ಆ ನೆಲದ ಜೀವಸಂಕುಲವನ್ನು ಯಾರು, ಯಾವ ಕ್ರಮದಿಂದ ಅರಿತರು, ಆ ಅರಿವಿನಿಂದ ಚರಿತ್ರೆಯ ವಿದ್ಯಾರ್ಥಿಗೆ ದೊರೆಯುವ ಪಾಠವೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ಗಮನಿಸಬೇಕು. ಉತ್ತರಕ್ಕೆ ರಾಗಿ, ಜೋಳ ಮೊದಲಾದವುಗಳನ್ನು ಬೆಳೆಯುವ, ಮಳೆ ಕಡಿಮೆಯಾದ ಬಯಲು. ದಕ್ಷಿಣಕ್ಕೆ ಬಂಡೀಪುರದ ಎಲೆಯುದುರುವ ಕಾಡು; ಅದರ ನಡುವೆ 1454 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳು. ಅಲ್ಲಿ ತಪ್ಪಲಿನ ಮುಳ್ಳುಪೊದೆಗಳನ್ನು ಬಿಟ್ಟು ಮೇಲೇರಿದಂತೆ ಎಲೆಯುದುರುವ ಕಾಡು, ನಿತ್ಯಹಸುರಿನ ಶೋಲೆ, ಹುಲ್ಲುಗಾವಲು ಒಂದಾದ ಮೇಲೊಂದು ಎದುರಾಗುವುವು. ಗುಂಡ್ಲು ಹೊಳೆ, ಸುವರ್ಣಾವತಿಗಳು ಬೆಟ್ಟದ ಕಡೆಯಿಂದ ಬಯಲಿಗಿಳಿದು, ಅವುಗಳ ನೀರು ಕೊನೆಗೆ ಕಾವೇರಿಯನ್ನೇ ಸೇರುವುದು. ಹೀಗೆ ಇಲ್ಲಿನ ಭೂಭಾಗಗಳು ನೋಟಕ್ಕೆ ಬೇರೆಯಾದರೂ ಬಾಳಿನಲ್ಲಿ ಬೇರೆಯಲ್ಲ.

ಈ ಸಂಬಂಧವನ್ನು ವಿವರವಾಗಿ ಬರೆದಿಟ್ಟ ಮೊದಲಿಗರಲ್ಲಿ ಜಿ. ಪಿ. ಸ್ಯಾಂಡರ್ಸನ್ ಒಬ್ಬರು. ಮೈಸೂರಿನ ನೀರಾವರಿ ಕಾಲುವೆಗಳ ಅಧಿಕಾರಿಯಾಗಿದ್ದ ಇವರು ಚಾಮರಾಜನಗರದ ಸಮೀಪದಲ್ಲಿ ನೆಲೆಸಿ, 1873-74ರಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಖೆಡ್ಡಾ ಕಾರ್ಯವನ್ನು ಅಲ್ಲಿ ನಡೆಸಿದರು. 1878ರಲ್ಲಿ ಪ್ರಕಟವಾದ ಇವರ ಗ್ರಂಥದಲ್ಲಿ ಆನೆಗಳ ಋತುಸಂಚಾರದ ವರ್ಣನೆಯಿದೆ. ಬೇಸಗೆಯಲ್ಲಿ ಅವು ನೀರಿರುವ ಹೊಳೆಗಳನ್ನೂ ನೆರಳನ್ನೂ ಆಶ್ರಯಿಸುವುವು. ಮೊದಲ ಮಳೆ ಬಿದ್ದೊಡನೆ ಎಳೆಹುಲ್ಲನ್ನು ಅರಸಿ ಹೊರಡುವುವು. ಬೆಟ್ಟದ ಹುಲ್ಲು ಬಲಿತು ಒರಟಾದಾಗ ಕೆಳಗಿನ ಕಾಡಿಗಿಳಿದು ಉಪ್ಪುಮಣ್ಣನ್ನೂ ಪೈರನ್ನೂ ಮುಟ್ಟುವುವು. ಹಿಡಿಯುವುದಕ್ಕಾಗಿ ಗಳಿಸಿದ ಅರಿವು ಇದು. ಆದರೂ ಬೆಟ್ಟ, ತಪ್ಪಲು, ಹೊಲಗಳು ಆನೆಯ ಪಾಲಿಗೆ ಒಂದೇ ಎಂಬ ಸತ್ಯ ಇದರಲ್ಲಿ ಸ್ಪಷ್ಟವಾಗಿದೆ.

ಇಪ್ಪತ್ತನೆಯ ಶತಮಾನವು ಈ ಒಂದೇ ನೆಲದ ಮೇಲೆ ರೇಖೆಗಳನ್ನೆಳೆಯಿತು. ಬಂಡೀಪುರದಲ್ಲಿ 1931ರಲ್ಲಿ 90 ಚದರ ಕಿಲೋಮೀಟರುಗಳ ಅಭಯಾರಣ್ಯ ಏರ್ಪಟ್ಟಿತು. 1941ರಲ್ಲಿ ಅದು ವಿಸ್ತಾರಗೊಂಡು ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಮರುವರ್ಷ ಬಿಳಿಗಿರಿರಂಗನ ಬೆಟ್ಟವೂ ಅಭಯಾರಣ್ಯವಾಯಿತು. ಈ ರೇಖೆಗಳು ಇಲ್ಲದಿದ್ದರೆ ಇಂದು ಕಾಡು ಇಷ್ಟಾದರೂ ಉಳಿಯುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ರೇಖೆಯ ಒಳಗನ್ನು ಮಾತ್ರ ನೋಡಿದವರಿಗೆ ಕಾರಣಗಳು ಕೈಗೆ ಸಿಕ್ಕುವುದಿಲ್ಲವೆಂಬುದಕ್ಕೆ ಮುಂದಿನ ಮೂರು ನಿದರ್ಶನಗಳು ಸಾಕ್ಷಿಯಾಗಿವೆ.

ಮೊದಲನೆಯದು ಪೈರಿನ ಹಾನಿ. 1981ರಿಂದ 1983ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಚಾಮರಾಜನಗರ ಮತ್ತು ಅದಕ್ಕೆ ಹೊಂದಿದ ಸತ್ಯಮಂಗಲದ ಕಾಡುಗಳಲ್ಲಿ ಆನೆಗಳನ್ನು ಅಭ್ಯಸಿಸಿದರು. ಕಾಡಿನ ಹುಲ್ಲಿಗಿಂತ ರಾಗಿ ಮೊದಲಾದ ಪೈರುಗಳಲ್ಲಿ ಪ್ರೋಟೀನು, ಸುಣ್ಣ, ಸೋಡಿಯಂ ಅಂಶಗಳು ಹೆಚ್ಚೆಂದೂ, ಗಂಡಾನೆಗಳೇ ಹೆಚ್ಚಾಗಿ ಹೊಲಗಳಿಗೆ ನುಗ್ಗುವುವೆಂದೂ ಅವರು ತೋರಿಸಿದರು. ಸ್ಯಾಂಡರ್ಸನ್ ಕಂಡುದಕ್ಕೆ ಒಂದು ಶತಮಾನದ ತರುವಾಯ ಹೀಗೆ ಕಾರಣವೂ ದೊರೆಯಿತು.

ಎರಡನೆಯದು ಸಗಣಿಯ ವೃತ್ತಾಂತ. ಬಂಡೀಪುರದ ಅಂಚಿನ ಹಳ್ಳಿಗಳ ದನಗಳು ಹಗಲು ಕಾಡಿನಲ್ಲಿ ಮೇದು ರಾತ್ರಿ ಕೊಟ್ಟಿಗೆಗೆ ಮರಳುವುವು. ಅವುಗಳ ಗೊಬ್ಬರ ಮೊದಲು ಊರಿನ ಹೊಲಕ್ಕೇ ಸೇರುತ್ತಿತ್ತು. 1994ರಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳು ಹೆಪ್ಪುಗಟ್ಟಿದ ಇಬ್ಬನಿಗೆ ಸಿಕ್ಕಿ, ಜಗತ್ತಿನ ಪೇಟೆಯಲ್ಲಿ ಕಾಫಿಯ ಬೆಲೆ ಏರಿತು. ಕಾಫಿ ಸೀಮೆಯ ತೋಟಗಳಿಗೆ ಗೊಬ್ಬರ ಬೇಕಾಯಿತು. ಗುಂಡ್ಲುಪೇಟೆಯ ಕಡೆಯ ಸಗಣಿ ಮಾರಾಟದ ಸರಕಾಯಿತು. ದನಗಳನ್ನು ಸಾಕುವುದಕ್ಕೆ ಅದೇ ಒಂದು ಕಾರಣವೂ ಆಯಿತು. ಎಂ. ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಈ ಸಂಬಂಧ ತಿಳಿದುಬರುತ್ತದೆ. ಕಾಡಿನ ಹುಲ್ಲಿನಲ್ಲಿದ್ದ ಸತ್ತ್ವವು ದನದ ಹೊಟ್ಟೆಯ ಮೂಲಕ ಹೊರಟು ಮತ್ತೊಂದು ಸೀಮೆಯ ಕಾಫಿ ಗಿಡದ ಬುಡವನ್ನು ಸೇರಿತು. ಕಾಡಿನಲ್ಲಿ ನಿಂತು ದನಗಳನ್ನು ಎಣಿಸಿದವನಿಗೆ ಈ ಕಾರಣ ಎಂದಿಗೂ ಕಾಣಿಸದು.

ಮೂರನೆಯದು ಬೆಂಕಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆ ಬಲಿಯುವ ಮೊದಲೇ ಒಣಗಿದ ಎಲೆಗಳನ್ನು ಸುಡುತ್ತಿದ್ದರು. ಇದನ್ನು ತರಗು ಬೆಂಕಿ ಎನ್ನುವರು. ಅಭಯಾರಣ್ಯವಾದ ಮೇಲೆ ಇದು ನಿಷಿದ್ಧವಾಯಿತು. 1997ರಲ್ಲಿ ಅಳತೆ ಮಾಡಿದ ತಾಕುಗಳಲ್ಲಿ ಶೇಕಡ 41ರಲ್ಲಿ ಇದ್ದ ಲಂಟಾನ ಪೊದೆ, 2008ರ ಹೊತ್ತಿಗೆ ಶೇಕಡ 81ರಲ್ಲಿ ಕಂಡುಬಂತು. ಬೆಂಕಿ ನಿಂತುದರಿಂದಲೇ ಲಂಟಾನವೂ, ನೆಲ್ಲಿಮರಕ್ಕೆ ಅಂಟುವ ಉಪ್ಪಿಲು ಎಂಬ ಬದನಿಕೆಯೂ ಹಬ್ಬಿದುವೆಂದು ಸೋಲಿಗರ ಅಭಿಪ್ರಾಯ. ಈ ಮಾತನ್ನು ವಿದ್ವಾಂಸರು ಬಹುಕಾಲ ಕೇಳಲಿಲ್ಲ; ಈಚೆಗೆ ಗಂಭೀರವಾಗಿ ಪರಿಶೀಲಿಸಿರುವರು. ಲಂಟಾನ ದಟ್ಟವಾದ ಮೇಲೆ ಹಳೆಯ ಬೆಂಕಿಯನ್ನು ಹಾಗೆಯೇ ಮರಳಿ ತರುವುದು ಸುಲಭವಲ್ಲ, ಪೊದೆಯನ್ನೇರಿದ ಜ್ವಾಲೆ ಮರವನ್ನೂ ಸುಡಬಲ್ಲುದು. ತಡವಾಗಿ ಕೇಳಿದುದರ ಬೆಲೆ ಇದು. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯಹಕ್ಕುಗಳು ದೊರೆತುದರಿಂದ, ಈ ಅರಿವು ಕಾಡಿನ ಆಡಳಿತದೊಳಗೆ ಬರಲು ಹಾದಿಯಂತೂ ತೆರೆದಿದೆ.

ಆದಕಾರಣ ಈ ಪ್ರಾಂತದ ಜೀವವೈವಿಧ್ಯವನ್ನು ಅಭ್ಯಸಿಸುವವರು ಜೀವಜಾತಿಗಳ ಪಟ್ಟಿಯನ್ನು ಬೆಳೆಸಿದರೆ ಸಾಲದು. ಆನೆ, ಸಗಣಿ, ಬೆಂಕಿ ಇವು ಯಾವ ಕಡೆಯಿಂದ ಯಾವ ಕಡೆಗೆ ದಾಟಿದುವು, ಎಂದಿನಿಂದ ದಾಟದೆ ನಿಂತುವು ಎಂಬುದನ್ನೂ ಕೇಳಬೇಕು. ಕಡತಗಳಲ್ಲಿ ಅರಣ್ಯದ ದಾಖಲೆ ಒಂದು ಕಡೆ, ಕಂದಾಯದ ದಾಖಲೆ ಮತ್ತೊಂದು ಕಡೆ ಇರುವುವು. ಪೋಡಿನ ಹಿರಿಯರ ನೆನಪು ಯಾವ ಕಡತದಲ್ಲಿಯೂ ಇಲ್ಲ. ಈ ಮೂರನ್ನೂ ಒಟ್ಟಿಗೆ ಓದುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ. ಹಿರಿಯರ ನೆನಪು ಅಳಿಯುವ ಮುನ್ನವೇ ಅದನ್ನು ಆರಂಭಿಸಬೇಕಾಗಿದೆ.