ಗೆರಸೆಯ ಪಕ್ಕದಲ್ಲಿ ಪಾಠಪುಸ್ತಕ

ಸಂಜೆ ಶಾಲೆಯಿಂದ ಬಂದು ಚಹಾ ಕುಡಿದ ಹುಡುಗಿ ಚಾವಡಿಯ ಗೋಡೆಗೊರಗಿ ಕೂರುತ್ತಿದ್ದಳು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಹೊಗೆಸೊಪ್ಪಿನ ಪುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಕತ್ತರಿ, ನೂಲುಂಡೆ. ಪಕ್ಕದಲ್ಲಿ ಬಿಡಿಸಿಟ್ಟ ಪಾಠಪುಸ್ತಕ. 1970–80ರ ದಶಕಗಳಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಹಳ್ಳಿಮನೆಗಳಲ್ಲಿ ಇದು ದಿನನಿತ್ಯದ ನೋಟ. ಶಾಲೆಯ ಫೀಸು, ನೋಟ್‌ಬುಕ್ಕು, ಮಳೆಗಾಲದ ಕೊಡೆ, ಬಸ್ಸಿನ ಚಿಲ್ಲರೆ ಎಲ್ಲವೂ ಆ ಗೆರಸೆಯಿಂದಲೇ ಹುಟ್ಟಬೇಕಿತ್ತು.

ಬೀಡಿ ಕಟ್ಟುವುದು ನೋಡಲು ಸುಲಭ, ಕೈಗೆ ಹತ್ತಲು ತಿಂಗಳುಗಳೇ ಬೇಕು. ನೆನೆಸಿ ಹದ ಮಾಡಿದ ಎಲೆಯನ್ನು ಅಳತೆಯ ತಗಡಿಟ್ಟು ಕತ್ತರಿಸಬೇಕು. ಪುಡಿ ಹೆಚ್ಚಾದರೆ ಎಲೆ ಬಿರಿಯುತ್ತದೆ, ಕಡಿಮೆಯಾದರೆ ಬೀಡಿ ಜೊಳ್ಳಾಗುತ್ತದೆ. ಸುರುಳಿ ಸುತ್ತಿ, ನೂಲು ಬಿಗಿದು, ತುದಿಯನ್ನು ಒಳಕ್ಕೆ ಮಡಚಿದರೆ ಒಂದು ಬೀಡಿ. ಅಂಥ 25 ಸೇರಿದರೆ ಒಂದು ಕಟ್ಟು. ಮಜೂರಿಯ ಲೆಕ್ಕ ಸಾವಿರಕ್ಕೆ ಇಷ್ಟು ಎಂದು. ಬೀಡಿ ಕಂಪನಿಯ ಪರವಾಗಿ ಊರಿನಲ್ಲಿರುವ ‘ಬ್ರಾಂಚ್’ನಿಂದ ಎಲೆ, ಹೊಗೆಸೊಪ್ಪು ತೂಗಿಸಿ ತರಬೇಕು, ಬೀಡಿ ಮಾಡಿ ಅಲ್ಲಿಗೇ ಒಪ್ಪಿಸಬೇಕು. ಸರಿಯಿಲ್ಲವೆಂದು ಅಲ್ಲಿ ತೆಗೆದುಹಾಕಿದ ಬೀಡಿಗೆ ದುಡಿಮೆಯೂ ಹೋಯಿತು, ದುಡ್ಡೂ ಹೋಯಿತು. ಈ ಲೆಕ್ಕ ಬರೆದಿಡುವ ಪಾಸ್‌ಪುಸ್ತಕದಲ್ಲಿ ಹೆಸರು ಅಮ್ಮನದು. ಬೀಡಿಗಳಲ್ಲಿ ಎಷ್ಟು ಅಮ್ಮನ ಕೈಯವು, ಎಷ್ಟು ಮಗಳ ಕೈಯವು ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ.

ಇದೇ ಕರಾವಳಿಯ ಹುಡುಗರ ದಾರಿ ಬೇರೆಯಿತ್ತು. ಅವರು ಮುಂಬೈಗೆ ಹೋದರು. ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ಕಪ್ಪು-ಬಸಿ ತೊಳೆದು, ಮೇಜು ಒರಸಿ, ಇರುಳು ಕವಿದ ಮೇಲೆ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಕಟ್ಟಿ ನಡೆಸಿದ ಶಾಲೆಗಳವು. ಅಲ್ಲಿ ಓದಿ ಮೇಲೆ ಬಂದವರ ಕಥೆಯನ್ನು ಮುಂಬೈ ಕನ್ನಡಿಗರು ಅಭಿಮಾನದಿಂದ ಹೇಳುತ್ತಾರೆ, ಬರೆದೂ ಇಟ್ಟಿದ್ದಾರೆ. ಹುಡುಗನಿಗೆ ಹಗಲು ದುಡಿಮೆ, ರಾತ್ರಿ ಶಾಲೆ; ಊರಲ್ಲೇ ಉಳಿದ ಅವನ ತಂಗಿಗೆ ಹಗಲು ಶಾಲೆ, ರಾತ್ರಿ ದುಡಿಮೆ. ಅವನದು ಸಾಹಸವೆನಿಸಿತು, ಅವಳದು ಮನೆಗೆಲಸವೆನಿಸಿತು.

ಬೀಡಿಯ ಕೆಲಸ ಮನೆಯೊಳಗೆ ಇಷ್ಟು ದಟ್ಟವಾಗಿ ಬಂದು ನೆಲೆಸಿದ್ದರ ಹಿಂದೆ ಗಡಿಯಾಚೆಯ ಒಂದು ಪ್ರಕರಣವೂ ಇದೆ. ಕೇರಳದ ಕಣ್ಣೂರಿನಲ್ಲಿ ಬೀಡಿ ಕಾರ್ಮಿಕರು ಶೆಡ್ಡುಗಳಲ್ಲಿ ಒಟ್ಟಾಗಿ ಕುಳಿತು ಕೆಲಸ ಮಾಡುತ್ತಿದ್ದರು. ತಮ್ಮಲ್ಲೇ ಒಬ್ಬರು ಪತ್ರಿಕೆ, ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೈ ನಿಲ್ಲಿಸದೆ ಕೇಳುವುದು ಅಲ್ಲಿನ ವಾಡಿಕೆ. ಸಂಘಟನೆಯೂ ಬಲವಾಗಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ರಜೆ, ಕೆಲಸದ ಗಂಟೆ, ಕೆಲಸದ ಜಾಗದ ಕಟ್ಟುಪಾಡುಗಳನ್ನು ತಂದಿತು. 1968ರಲ್ಲಿ ಕೇರಳ ಅದನ್ನು ಜಾರಿಗೊಳಿಸಲು ಹೊರಟಾಗ ಮಂಗಳೂರಿನ ಗಣೇಶ್ ಬೀಡಿ ಅಲ್ಲಿನ ಶೆಡ್ಡುಗಳನ್ನು ಮುಚ್ಚಿ ಕೆಲಸವನ್ನು ಕರ್ನಾಟಕದ ಕಡೆಗೆ ತಂದಿತು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಅವರಿಗಾಗಿ 1969ರಲ್ಲಿ ಹುಟ್ಟಿದ್ದೇ ಕೇರಳ ದಿನೇಶ್ ಬೀಡಿ ಸಹಕಾರ ಸಂಘ. ಕಾಯ್ದೆಯ ವಿರುದ್ಧ ಮಾಲೀಕರು ಹೂಡಿದ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಕೆಲಸ ಶೆಡ್ಡಿನಿಂದ ಚಾವಡಿಗೆ ಸರಿದಾಗಿತ್ತು.

ಚಾವಡಿಗೆ ಕಾನೂನಿನ ಕಣ್ಣು ಅಷ್ಟಾಗಿ ತಲುಪಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಮಕ್ಕಳಿಗೆ ನಿಷಿದ್ಧವಾದ ಕೆಲಸಗಳ ಪಟ್ಟಿಯಲ್ಲಿ ಬೀಡಿ ತಯಾರಿಕೆಯನ್ನು ಸೇರಿಸಿತು. ಆದರೆ ಮನೆಯವರ ನೆರವಿನಿಂದ ನಡೆಯುವ ಕೆಲಸವನ್ನು ನಿಷೇಧದಿಂದ ಹೊರಗಿಟ್ಟಿತು. ಹತ್ತು ವರ್ಷದ ಮಗು ಅಮ್ಮನ ಪಕ್ಕದಲ್ಲಿ ಕುಳಿತು ತುದಿ ಮಡಚುತ್ತಿದ್ದರೆ ಅದು ‘ನೆರವು’. ಹೊಗೆಸೊಪ್ಪಿನ ಪುಡಿಗೆ ಕೆಮ್ಮಿದ್ದು, ಗಂಟೆಗಟ್ಟಲೆ ಬಾಗಿ ಕುಳಿತು ಬೆನ್ನು ನೊಂದದ್ದು ಯಾವ ದಾಖಲೆಗೂ ಬರಲಿಲ್ಲ.

ಹಾಗೆಂದು ಈ ದುಡಿಮೆಯನ್ನು ಬರೀ ಶೋಷಣೆ ಎಂದು ಬದಿಗಿಟ್ಟರೂ ಅನ್ಯಾಯವೇ. ಮಳೆಗಾಲದಲ್ಲಿ ಬೇರೆ ಕೂಲಿ ಸಿಗದ ಊರುಗಳಲ್ಲಿ ಹೆಣ್ಣಿನ ಕೈಗೆ ನಗದು ತಂದದ್ದು ಬೀಡಿ. ಏಳನೆಯ ತರಗತಿಗೇ ನಿಲ್ಲಬೇಕಿದ್ದ ಓದನ್ನು ಎಸ್ಸೆಸ್ಸೆಲ್ಸಿಯವರೆಗೆ, ಕೆಲವೊಮ್ಮೆ ಟೀಚರ್ಸ್ ಟ್ರೈನಿಂಗ್‌ವರೆಗೆ ಎಳೆದು ತಂದದ್ದೂ ಅದೇ. 1976ರ ಕಲ್ಯಾಣ ನಿಧಿ ಕಾಯ್ದೆಯಿಂದ ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು, 1977ರಲ್ಲಿ ಭವಿಷ್ಯನಿಧಿ ಈ ಉದ್ಯಮಕ್ಕೂ ವಿಸ್ತರಿಸಿತು. ಇವೆರಡೂ ನಿಜವಾದ ಆಸರೆಗಳು. ಆದರೂ ಆ ಓದಿಗೆ ಬಂಡವಾಳ ಹಾಕಿದವರು ಸರ್ಕಾರಕ್ಕಿಂತ ಮೊದಲು ಆ ಹುಡುಗಿಯರೇ.

ಇಂದು ಆ ಚಾವಡಿಗಳಲ್ಲಿ ಗೆರಸೆ ಹಿಡಿಯುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಮೊಮ್ಮಕ್ಕಳು ಕಾಲೇಜಿನ ಖರ್ಚಿಗೆ ವಾರದ ಕೊನೆಯಲ್ಲಿ ಮದುವೆ ಹಾಲ್‌ಗಳಲ್ಲಿ ಊಟ ಬಡಿಸಲು ಹೋಗುತ್ತಾರೆ. ಅಟ್ಟದ ಮೇಲೋ ಪೆಟ್ಟಿಗೆಯ ತಳದಲ್ಲೋ ಹಳೆಯ ಬೀಡಿ ಪಾಸ್‌ಪುಸ್ತಕ ಸಿಕ್ಕಿದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅದರಲ್ಲಿ ಹೆಸರಿರುವವರು ಇನ್ನೂ ಇದ್ದರೆ, ಆಗ ಮನೆಯಲ್ಲಿ ಯಾರು ಯಾರು ಎಷ್ಟೆಷ್ಟು ಕಟ್ಟುತ್ತಿದ್ದರು, ಯಾರ ಫೀಸಿಗೆ ಎಂದು ಕೇಳಿ ಬರೆದಿಡಿ.