ಕಾಕಾನ ಡೆಲ್ಕೋ

ಹೋದ ದೀಪಾವಳಿಗೆ ಕಬ್ಬೂರಿಗೆ ಹೋದಾಗ, ಎರಡು ತಿಂಗಳಿಂದ ಮನೆ ಮುಂದೆ ನಿಂತೇ ಇದ್ದ ಅಪ್ಪನ ಕಾರನ್ನ ಸ್ಟಾರ್ಟ್ ಮಾಡಿದೆ. ಆಯ್ತು. ಆದರೆ ಚಳಿಜ್ವರ ಬಂದವರ ಹಾಗೆ ನಡುಗೋಕೆ ಶುರು ಮಾಡ್ತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟ್ ಬೇರೆ. ಎರಡು ದಿನ ಬಿಟ್ಟು ಅವ್ವನನ್ನ ಕಣ್ಣಿನ ತಪಾಸಣೆಗೆ ಬೆಳಗಾವಿಗೆ ಕರ್ಕೊಂಡು ಹೋಗಬೇಕಿತ್ತು. ಹಬ್ಬ ಅಂತ ಗ್ಯಾರೇಜುಗಳೆಲ್ಲ ಬಂದ್.

ನಾನು ಹೆದರಲಿಲ್ಲ. ಬ್ಯಾಗಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸ್ಕ್ಯಾನರ್ ಇತ್ತು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದೆ, ಫೋನಿನಲ್ಲಿ ಉತ್ತರ ಬಂತು: ಪಿ 0302. ಅಂದ್ರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಇಗ್ನಿಷನ್ ಕಾಯಿಲ್ ಹೋಗಿದೆ ಅಂತ ತೀರ್ಪು ಕೊಟ್ಟು, ಹೊಸದು ಎಲ್ಲಿ ಸಿಗುತ್ತೆ ಅಂತ ಹುಡುಕತೊಡಗಿದೆ.

ಕಾಕಾ ಕಟ್ಟೆ ಮೇಲಿಂದ ಕೇಳಿದ್ರು, "ಡೆಲ್ಕೋ ನೋಡಿದೇನೋ ತಮ್ಮಾ?"

"ಈ ಗಾಡಿಗೆ ಡೆಲ್ಕೋನ ಇಲ್ಲ ಕಾಕಾ."

"ಡೆಲ್ಕೋ ಇಲ್ದ ನಾಕು ಪ್ಲಗ್ಗಿಗೆ ಕರೆಂಟ್ ಹೆಂಗ ಹಂಚತೈತಿ ಮತ್ತ?"

ಒಳ್ಳೇ ಪ್ರಶ್ನೆ. ನೂರು ವರ್ಷದ ಚರಿತ್ರೆ ಅದರಲ್ಲಿದೆ.

ಮೊದಲು ಆ ಪದವನ್ನೇ ನೋಡೋಣ. ಹಳೇ ಮೆಕ್ಯಾನಿಕ್ಕುಗಳು ಡಿಸ್ಟ್ರಿಬ್ಯೂಟರಿಗೆ ಡೆಲ್ಕೋ ಅಂತಾರೆ. ಸ್ಪೇನ್‌ನಲ್ಲೂ ಅದೇ ಹೆಸರು. ಅದು ಅಮೆರಿಕದ ಓಹಾಯೋದ ಡೇಟನ್ ಊರಿನಲ್ಲಿ 1909ರಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ ಕಟ್ಟಿದ ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಅಕ್ಷರಗಳನ್ನ ಜೋಡಿಸಿ ಮಾಡಿದ ಹೆಸರು. ಬ್ಯಾಟರಿ, ಕಾಯಿಲ್, ತೆರೆದು ಮುಚ್ಚೋ ಪಾಯಿಂಟ್ ಇರುವ ಅವರ ಇಗ್ನಿಷನ್ 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಅದೇ ಏರ್ಪಾಡು ಸಣ್ಣಪುಟ್ಟ ಬದಲಾವಣೆಯೊಂದಿಗೆ ಕಾಕಾ ಇಪ್ಪತ್ತು ವರ್ಷ ಬಾಡಿಗೆಗೆ ಓಡಿಸಿದ ಅಂಬಾಸಿಡರಿನಲ್ಲೂ ಇತ್ತು.

ಅದಕ್ಕೂ ಮುಂಚೆ ಪಾಡು ಇನ್ನೂ ಕಷ್ಟದ್ದು. 1888ರಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಅವನ ಮೋಟಾರು ಗಾಡಿ ತಗೊಂಡು, ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ನೂರು ಕಿಲೋಮೀಟರಿಗೂ ದೂರದ ಫೋರ್ಟ್ಸ್‌ಹೈಮಿನ ತವರಿಗೆ ಹೋದ ಕಥೆ ನೀವು ಕೇಳಿರಬಹುದು. ದಾರಿಯಲ್ಲಿ ಪೆಟ್ರೋಲಿನ ಕೊಳವೆ ಕಟ್ಟಿಕೊಂಡಾಗ ಹ್ಯಾಟಿನ ಪಿನ್ನಿನಿಂದ ಚುಚ್ಚಿ ಬಿಡಿಸಿದಳು, ಇಗ್ನಿಷನ್ ವೈರಿನ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು ಅಂತಾರೆ. ಇಂಜಿನ್ ಮಿಸ್ಸಿಂಗ್ ಹೊಡೆದ್ರೆ ಇವತ್ತಿಗೂ ಮೊದಲು ನೋಡೋದು ಇವೆರಡನ್ನೇ, ಪೆಟ್ರೋಲ್ ಬರ್ತಾ ಇದೆಯಾ, ಕಿಡಿ ಬರ್ತಾ ಇದೆಯಾ. ಮೂರನೆಯದು ಕಂಪ್ರೆಷನ್.

1902ರಲ್ಲಿ ಬಾಷ್ ಕಂಪನಿಯ ಗಾಟ್‌ಲೋಬ್ ಹೊನೋಲ್ಡ್ ಹೈವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ ಮಾಡಿದ. ಆ ಪ್ಲಗ್ ನಮ್ಮ ರಾಜ್ಯಕ್ಕೂ ಬಂತು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿ ಪ್ಲಗ್ ಮಾಡತೊಡಗಿತು. ಅದೇ ಮೈಕೋ. ಮೈಕೋ ಲೇಔಟಿನಲ್ಲಿ ಬಾಡಿಗೆ ಕಟ್ಟುತ್ತಿರುವ ಎಷ್ಟು ಜನರಿಗೆ ಅದು ಪ್ಲಗ್ಗಿನ ಹೆಸರು ಅಂತ ಗೊತ್ತೋ! 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯ್ತು. ಕಾಕಾನ ಬಾಯಲ್ಲಿ ಮಾತ್ರ ಇನ್ನೂ ಮೈಕೋ.

ಆಗಿನ ರೋಗಪತ್ತೆ ಹೇಗಿತ್ತು ಅನ್ನೋದನ್ನ ಕಾಕಾನ ಬಾಯಲ್ಲೇ ಕೇಳಬೇಕು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದ್ರೆ ಸೆಕೆಂಡಿಗೆ ನೂರು ಕಿಡಿ ಬೇಕು. ನೂರು ಸಲವೂ ಆ ಪುಟ್ಟ ಪಾಯಿಂಟ್ ತೆರೆದು ಮುಚ್ಚಬೇಕು. ಸುಟ್ಟು ಕಪ್ಪಾಗದೆ ಇನ್ನೇನಾಗುತ್ತೆ? ಎಮರಿ ಪೇಪರಿನಲ್ಲಿ ತಿಕ್ಕಿ, ಫೀಲರ್ ಗೇಜ್ ಇಟ್ಟು ಇಂಚಿನ ಸಾವಿರದಲ್ಲಿ 15 ಭಾಗದಷ್ಟು ಸಂದು ಬಿಡಬೇಕು. ಆಮೇಲೂ ನಡುಗಿದ್ರೆ, ಓಡೋ ಇಂಜಿನ್ನಿನ ಪ್ಲಗ್ ವೈರುಗಳನ್ನ ರಬ್ಬರ್ ಹಿಡಿಯ ಪಕ್ಕಡಿಂದ ಒಂದೊಂದಾಗಿ ಕೀಳೋದು. "ಕಿತ್ತಾಗ ಸೌಂಡ್ ಬಿತ್ತಂದ್ರ ಆ ಸಿಲಿಂಡರ್ ದುಡಿಯಾಕತ್ತೈತಿ. ಏನೂ ಫರಕ್ ಇಲ್ಲಂದ್ರ ಅದ ಮೈಗಳ್ಳ." ರಾತ್ರಿ ಕರೆಂಟ್ ಹೋದಾಗ ಬಾನೆಟ್ ಎತ್ತಿ ನೋಡಿದ್ರೆ ಸೀಳಿದ ವೈರಿನಿಂದ ನೀಲಿ ಕಿಡಿ ಹಾರೋದು ಕಾಣ್ತಿತ್ತಂತೆ.

ಇದನ್ನೆಲ್ಲ ಕೇಳಿ ಆ ಕಾಲವೇ ಚೆನ್ನಾಗಿತ್ತು ಅಂತ ನಾನೇನೂ ಹೇಳಲ್ಲ. ಮಳೆಯಲ್ಲಿ ಡೆಲ್ಕೋ ಮುಚ್ಚಳ ಒರೆಸುತ್ತಾ ರಸ್ತೆ ಪಕ್ಕ ನಿಂತವರಿಗೆ ಗೊತ್ತು ಅದರ ಚೆಂದ. (ಹಾಗೇ, ಈಗಿನ ಕಾರಿನಲ್ಲಿ ಓಡೋ ಇಂಜಿನ್ನಿನ ಕಾಯಿಲ್ ಕೀಳೋ ಸಾಹಸ ಮಾಡಬೇಡಿ. ಹತ್ತಾರು ಸಾವಿರ ವೋಲ್ಟಿನ ಹೊಡೆತ.)

ಹಾಗಾದ್ರೆ ನನ್ನ ಫೋನಿನ ಕೋಡ್ ಎಲ್ಲಿಂದ ಬಂತು? ಕಾರಿನ ಮಾಲೀಕರ ಅನುಕೂಲಕ್ಕಂತೂ ಅಲ್ಲ, ಹೊಗೆಯಿಂದ. ಮಿಸ್‌ಫೈರ್ ಆದಾಗ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತೆ, ಅದನ್ನ ಕರಗಿಸಿಯೇ ಬಿಡಬಹುದು. ಗಾಳಿ ಕೆಟ್ಟು ಕಂಗಾಲಾಗಿದ್ದ ಕ್ಯಾಲಿಫೋರ್ನಿಯಾದಲ್ಲಿ ಈ ಕಾನೂನುಗಳು ಶುರುವಾದವು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳೂ ಮಿಸ್‌ಫೈರನ್ನ ತಾವೇ ಪತ್ತೆ ಹಚ್ಚಬೇಕಾಯ್ತು. ನಮ್ಮಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದೇ 2000ದಲ್ಲಿ. ಸೀಸ ಇದ್ದರೆ ಕನ್ವರ್ಟರ್ ಬದುಕಲ್ಲ. ಈ ಪತ್ತೆಯ ವ್ಯವಸ್ಥೆ 2013ರ ಏಪ್ರಿಲ್‌ನಿಂದ ಇಲ್ಲೂ ಕಡ್ಡಾಯ ಆಯ್ತು. ಅಪ್ಪನ ಕಾರು 2014ರದ್ದು.

ಕಂಪ್ಯೂಟರ್ ಮಾಡೋದೂ ಕಾಕಾ ಮಾಡ್ತಿದ್ದದ್ದನ್ನೇ, ಕಿವಿಯ ಬದಲು ಸೆನ್ಸರಿನಿಂದ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಒಂದಿಷ್ಟು ಜೋರಾಗಿ ತಿರುಗುತ್ತೆ. ಒಂದು ಉರಿಯದಿದ್ರೆ ಆ ಕ್ಷಣ ಕ್ರ್ಯಾಂಕ್ ನಿಧಾನ ಆಗುತ್ತೆ. ಸರದಿ ಲೆಕ್ಕ ಹಾಕಿದ್ರೆ ಕಳ್ಳ ಸಿಕ್ಕ. ಗುಂಡಿ ರಸ್ತೆಯಲ್ಲಿ ಚಕ್ರದ ಕುಲುಕಾಟಕ್ಕೂ ಕ್ರ್ಯಾಂಕ್ ಏರುಪೇರಾಗೋದ್ರಿಂದ, ಅಂಥ ರಸ್ತೆಯನ್ನ ಗುರುತಿಸಿ ಲೆಕ್ಕ ನಿಲ್ಲಿಸೋ ಜಾಣತನವನ್ನೂ ಕೆಲವು ಕಾರುಗಳಿಗೆ ಕಲಿಸಿದ್ದಾರೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡೋ ನಮ್ಮ ಕಡೆ ರಸ್ತೆಗಳಲ್ಲಿ ಆ ಲೆಕ್ಕ ಎಷ್ಟು ಹೊತ್ತು ಚಾಲೂ ಇರುತ್ತೋ ಗೊತ್ತಿಲ್ಲ!

ನಾನು ಮರೆತಿದ್ದು ಏನಂದ್ರೆ, ಹೊಗೆಯ ಕಾವಲಿಗೆ ಹುಟ್ಟಿದ ಕೋಡು ಯಾವ ಸಿಲಿಂಡರ್ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಕಾಯಿಲ್ ಇರಬಹುದು, ಪ್ಲಗ್, ಇಂಜೆಕ್ಟರ್, ವಾಲ್ವ್ ಏನು ಬೇಕಾದ್ರೂ ಇರಬಹುದು. ನಾನು ಊಹೆಯ ಮೇಲೆ ದುಡ್ಡು ಹಾಕೋಕೆ ಹೊರಟಿದ್ದೆ.

ಕಾಕಾಗೆ ಈಗ ಕಿವಿ ಮಂದ. ಸೈಲೆನ್ಸರಿನ ಹಿಂದೆ ಕೂತು ಹೊಗೆಗೆ ಅಂಗೈ ಒಡ್ಡಿದ್ರು. "ಒಂದ ಸಮ ಬರವಲ್ದು. ನಡುನಡುವ ಖಾಲಿ ಹೋಗಾಕತ್ತೈತಿ." ಆಮೇಲೆ ಕೇಳಿದ್ರು, "ಪ್ಲಗ್ಗಿಗೆ ಒಂದೊಂದು ಕಾಯಿಲ್ ಅಂದೆಲ್ಲ, ಅದಲಿ ಬದಲಿ ಮಾಡಿ ನೋಡಿದೇನು?"

ಇಂಜಿನ್ ತಣಿಸಿ, ಬ್ಯಾಟರಿ ಬಿಚ್ಚಿ, ಎರಡನೇ ಕಾಯಿಲನ್ನ ಮೂರಕ್ಕೆ, ಮೂರನೇದನ್ನ ಎರಡಕ್ಕೆ ಹಾಕಿದೆ. ಕೋಡ್ ಅಳಿಸಿ ಊರು ಸುತ್ತಿ ಬಂದೆ. ಮತ್ತೆ 0302. ಅಂದ್ರೆ ಕಾಯಿಲ್ ಕೆಟ್ಟಿಲ್ಲ. ಪ್ಲಗ್ಗುಗಳನ್ನ ಹಾಗೇ ಬದಲಿಸಿದೆ. ಈ ಸಲ 0303! ರೋಗ ಪ್ಲಗ್ಗಿನ ಜೊತೆ ಪಕ್ಕದ ಮನೆಗೆ ಹೋಗಿತ್ತು.

ಬಿಚ್ಚಿದ್ರೆ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಬಿರುಕು, ಅದರುದ್ದಕ್ಕೂ ಕಪ್ಪು ಗೀರು. ಕಿಡಿ ತುದಿಗೆ ಹೋಗೋ ಬದಲು ಆ ಸಂದಿಯಲ್ಲೇ ಇಳಿದುಹೋಗ್ತಿತ್ತು.

ಮರುದಿನ ಚಿಕ್ಕೋಡಿಯಲ್ಲಿ ಒಂದು ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಒಂದೇ ಪ್ಲಗ್ ಕೇಳಿದೆ. ಜೊತೆಗೆ ಬಂದಿದ್ದ ಕಾಕಾ, "ನಾಕೂ ಕೊಡ್ರಿ, ಮೈಕೋದು" ಅಂದ್ರು.