ಜಮ್ಮಾ ಕೋವಿ: ಹಕ್ಕು, ಹೊಣೆ ಮತ್ತು ದಾಖಲೆ

ಹಳೆಯ ಬಂದೂಕಿಗೆ ಬೆಲೆ ಬರುವುದು ಹೆಚ್ಚಾಗಿ ಅದನ್ನು ಹಿಡಿದವನ ಹೆಸರಿನಿಂದ. ಅಮೆರಿಕದ ನ್ಯೂ ಮೆಕ್ಸಿಕೋ ಸೀಮೆಯ ಶೆರಿಫ್ ಪ್ಯಾಟ್ ಗ್ಯಾರೆಟ್ 1881ರಲ್ಲಿ ಬಿಲ್ಲಿ ದ ಕಿಡ್‌ನನ್ನು ಕೊಂದ ಕೋಲ್ಟ್ ರಿವಾಲ್ವರ್, 2021ರ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಗಡಿ ಕಾಯುವ, ಶಾಂತಿ ಪಾಲಿಸುವ ಹೊಣೆ ಹೊತ್ತವರ ಆಯುಧವನ್ನು ಕರ್ನಾಟಕದಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಕೊಡಗಿನ ಜಮ್ಮಾ ಕೋವಿ. ಅದರ ಬೇರು ಒಬ್ಬ ವ್ಯಕ್ತಿಯ ಸಾಹಸದಲ್ಲಿಲ್ಲ, ಭೂಹಿಡುವಳಿಯಲ್ಲಿದೆ. ಆದ್ದರಿಂದ ಈ ಕೋವಿಯ ಅಧ್ಯಯನ ಅದರ ನಳಿಗೆಯಷ್ಟೇ ಎಚ್ಚರದಿಂದ ಅದರ ಹಿಂದಿನ ಜಮೀನಿನ ಕಾಗದವನ್ನೂ ಪರಿಶೀಲಿಸಬೇಕು ಎಂಬುದು ಈ ಲೇಖನದ ವಾದ.

ಹಿಡುವಳಿ ಮತ್ತು ಕಾವಲು

ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಿಂದ ಜಮ್ಮಾ ಭೂಮಿ ಸೇವೆಗೆ ಕಟ್ಟಿಕೊಂಡ ಭೂಮಿ. ಅದನ್ನು ಅನುಭವಿಸುತ್ತಿದ್ದ ಒಕ್ಕಗಳು (ಮನೆತನಗಳು) ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಬ್ರಿಟಿಷರು ಈ ಏರ್ಪಾಡನ್ನು ಕೈಬಿಡಲಿಲ್ಲ. ಹೊರಗಿನ ದಾಳಿ, ಒಳಗಿನ ಗಲಭೆಗಳನ್ನು ಎದುರಿಸುವುದು, ಖಜಾನೆಗೆ ಕಾವಲು ನಿಲ್ಲುವುದು ಜಮ್ಮಾ ರೈತರ ಕರ್ತವ್ಯವಾಗಿಯೇ ಮುಂದುವರಿಯಿತು. ಪ್ರತಿಯಾಗಿ ಕಂದಾಯದಲ್ಲಿ ರಿಯಾಯಿತಿ ಸಿಕ್ಕಿತು: 100 ಭಟ್ಟಿ (ಗದ್ದೆಯ ಸ್ಥಳೀಯ ಅಳತೆ) ಗದ್ದೆಗೆ ಸಾಗು, ಅಂದರೆ ಪೂರ್ಣ ಕಂದಾಯದ, ಹಿಡುವಳಿದಾರ 10 ರೂಪಾಯಿ ಕೊಟ್ಟರೆ ಜಮ್ಮಾ ಹಿಡುವಳಿದಾರ 5 ರೂಪಾಯಿ ಕೊಡುತ್ತಿದ್ದ. ಉಳಿದರ್ಧವನ್ನು ಅವನು ಕಾವಲಿನ ರೂಪದಲ್ಲಿ ಸಲ್ಲಿಸುತ್ತಿದ್ದ ಎನ್ನಬಹುದು.

1861ರ ವಿನಾಯಿತಿ

1857ರ ದಂಗೆಯ ನಂತರ ಸರ್ಕಾರ ಜನರ ಕೈಯಿಂದ ಆಯುಧ ಕಸಿಯಲು ಕಾನೂನು ತಂದಿತು. ಸೈನ್ಯದಲ್ಲೂ ಅದೇ ಅಪನಂಬಿಕೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ನ ನಳಿಗೆಯೊಳಗೆ ಗುಂಡಿಗೆ ಗುರಿ ಕೊಡುವ ಮೂರು ಸುರುಳಿಗೆರೆಗಳಿದ್ದವು. ಭಾರತೀಯ ಸಿಪಾಯಿಗಳಿಗಾಗಿ ಬಂದ 1858ರ ಮಾದರಿಯಲ್ಲಿ ಆ ಗೆರೆಗಳೇ ಇರಲಿಲ್ಲ. ಇಂಥ ಹೊತ್ತಿನಲ್ಲಿ, 1861ರ ಫೆಬ್ರವರಿಯಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಕಸಿಯುವ ಆ ಕಾನೂನಿನಿಂದ ಹೊರಗಿಟ್ಟ.

ಶಿವಮೊಗ್ಗದ ಓದುಗರಿಗೆ ಇಲ್ಲೊಂದು ಹೋಲಿಕೆ ಮುಖ್ಯವಾಗುತ್ತದೆ. ನಮ್ಮ ನಗರ ಸೀಮೆಯೂ ಅದೇ ಕಬ್ಬನ್‌ನ ಆಡಳಿತದಲ್ಲಿತ್ತು. ಆದರೆ 1830ರಲ್ಲಿ ಇಲ್ಲಿಯ ರೈತರು ದಂಗೆಯೆದ್ದಿದ್ದರು. ಮೈಸೂರಿನ ಆಡಳಿತವನ್ನು 1831ರಲ್ಲಿ ಬ್ರಿಟಿಷರು ವಹಿಸಿಕೊಳ್ಳಲು ಆ ದಂಗೆಯೇ ನೆಪವಾಯಿತು. ಕಾಡು, ಮಳೆ, ಹಂದಿಯ ಕಾಟ ಎರಡೂ ಕಡೆ ಒಂದೇ. ಆದರೂ ವಿನಾಯಿತಿ ಸಿಕ್ಕಿದ್ದು ಕೊಡಗಿಗೆ ಮಾತ್ರ. ಮಲೆನಾಡಿನ ಬೆಳೆಗಾರ ಇಂದಿಗೂ ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸ್ ಪಡೆಯಬೇಕು. ಆಯುಧದ ಹಕ್ಕನ್ನು ನಿರ್ಧರಿಸಿದ್ದು ಭೂಗೋಳವಲ್ಲ, ಆಳುವವರ ನಂಬಿಕೆ.

ಒಕ್ಕದ ಕೋವಿ

ಕೊಡವ ಭಾಷೆಯಲ್ಲಿ ಕೋವಿ ಎಂದರೆ ತೋಕ್. ಕೈಲ್‌ಪೊಳ್ದ್ ಹಬ್ಬದಂದು ಅದನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು: ಊರಿಗೆ ಸುದ್ದಿ ಮುಟ್ಟಿಸುವ ಕ್ರಮವಿದು. ಹೀಗೆ ಸರ್ಕಾರಿ ಸೇವೆಯ ಉಪಕರಣ ಬಾಳಿನ ಆಚರಣೆಯಲ್ಲಿ ಬೆರೆತು, ಸೇವೆ ನಿಂತ ಮೇಲೂ ಉಳಿದುಕೊಂಡಿತು.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ಜಿಲ್ಲೆಯಲ್ಲೇ ಇದೆ. ಹೊಸನಗರ ತಾಲ್ಲೂಕಿನ ನಗರದ ಬಾವಿಯೊಂದರಲ್ಲಿ 2018ರಲ್ಲಿ ದೊರೆತ, ಟಿಪ್ಪು ಕಾಲದವೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಶಿವಪ್ಪನಾಯಕ ಅರಮನೆಗೆ ತರಲಾಯಿತು. ಅವು ಉಗ್ರಾಣದ ಆಯುಧಗಳು. ಅವುಗಳಿಗೆ ಒಡೆಯರಿಲ್ಲ, ಮನೆತನವಿಲ್ಲ. ಜಮ್ಮಾ ಕೋವಿಗೆ ಎರಡೂ ಉಂಟು.

ಗುರುತಿಸುವ ವಿಧಾನ

ಕಾಲನಿರ್ಣಯಕ್ಕೆ ಲೋಹವೇ ಮೊದಲ ಸಾಕ್ಷಿ. ಕಲ್ಲಿನ ಕಿಡಿಯಿಂದ ಹಾರುವ ಕೋವಿ, ಕೇಪಿನ ಕೋವಿ, ತೋಟಾ ಕೋವಿ ಎಂಬುದು ತಂತ್ರಜ್ಞಾನದ ಸ್ಥೂಲ ಅನುಕ್ರಮ. ಈಸ್ಟ್ ಇಂಡಿಯಾ ಕಂಪನಿಯ ಹೃದಯಾಕಾರದ ಮುದ್ರೆಯಿದ್ದರೆ ಅದು ಸುಮಾರು 1808ಕ್ಕಿಂತ ಹಿಂದಿನದು. ಎದ್ದುನಿಂತ ಸಿಂಹವಿದ್ದರೆ ಅನಂತರದ್ದು. ಆದರೆ ಮುದ್ರೆ ಹೇಳುವುದು ತಯಾರಿಕೆಯ ಕಾಲವನ್ನು. ಕೋವಿ ಯಾವ ಮನೆಗೆ, ಯಾವ ಹೊಣೆಯೊಂದಿಗೆ ಬಂತೆಂಬುದನ್ನಲ್ಲ. ಅದಕ್ಕೆ ಜಮ್ಮಾ ದಾಖಲೆ, ಒಕ್ಕದ ವಂಶಾವಳಿ, ಹಿರಿಯರ ಹೇಳಿಕೆ ಮೂರನ್ನೂ ತಾಳೆ ನೋಡಬೇಕು. ಇವು ಕೂಡದಿದ್ದಲ್ಲಿ ಪ್ರಸಿದ್ಧ ವೀರನ ಹೆಸರನ್ನು ಕೋವಿಗೆ ಅಂಟಿಸುವುದು ಸಂಶೋಧನೆಯಾಗದು.

ಕಾನೂನಿನ ಇಂದಿನ ನೆಲೆ

1959ರ ಆಯುಧ ಕಾಯ್ದೆಯ 45ನೇ ಕಲಮಿನಂತೆ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧ ಕಾಯ್ದೆಯ ವ್ಯಾಪ್ತಿಗೆ ಬಾರದು. ಹಾರಿಸಲು ಬರುವಂಥದ್ದು ಎಷ್ಟೇ ಹಳೆಯದಾದರೂ ಆ ಕಲಮಿನ ಆಶ್ರಯ ಪಡೆಯದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಅವಧಿ 2029ರ ಅಕ್ಟೋಬರ್‌ಗೆ ಮುಗಿಯುತ್ತದೆ.

ಆಗ ಹಕ್ಕು ಮುಂದುವರಿಯಲಿ, ಬಿಡಲಿ. ಐನ್‌ಮನೆಗಳಲ್ಲಿರುವ (ಒಕ್ಕದ ಮೂಲಮನೆಗಳಲ್ಲಿರುವ) ಹಳೆಯ ಕೋವಿಗಳನ್ನು ಅವುಗಳ ಹಿಡುವಳಿ ಕಾಗದಗಳೊಂದಿಗೆ ಈಗಲೇ ಪಟ್ಟಿ ಮಾಡುವುದು ಇತಿಹಾಸ ವಿಭಾಗಗಳ ತುರ್ತು ಕೆಲಸ. ಕಾಗದದಿಂದ ಬೇರ್ಪಟ್ಟ ಕೋವಿ ಸಂಗ್ರಹಕಾರನ ಸರಕಾಗುತ್ತದೆ. ಕಾಗದದೊಂದಿಗೆ ಉಳಿದರೆ ಅದು ಪ್ರಜೆ ಮತ್ತು ಪ್ರಭುತ್ವದ ನಡುವಣ ಒಪ್ಪಂದಕ್ಕೆ ಕಣ್ಣೆದುರಿನ ಪುರಾವೆಯಾಗುತ್ತದೆ.